ಒಂದು ಸಹಿ, ಆರು ಪಾಠ: ಲೈಂಗಿಕ ಶಿಕ್ಷಣದಿಂದ ಮಗಳನ್ನು ಬಿಡಿಸಿಕೊಂಡ ಒಂದು ಕುಟುಂಬದ ಪ್ರಕರಣ

ಶಾಲೆ, ಕುಟುಂಬ, ಮಗು ಯಾರೆಂದು ಗೊತ್ತಾಗಬಾರದು ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಘಟನೆಗಳ ಕ್ರಮ ಮತ್ತು ತೆಗೆದುಕೊಂಡ ತೀರ್ಮಾನಗಳು ನಡೆದ ಹಾಗೆಯೇ ಇವೆ. ಆ ಶಾಲೆಯ ಕೌನ್ಸೆಲರ್‌ಗೆ ಸಲಹೆ ಕೊಡಲು ನನ್ನನ್ನು ಕರೆದಿದ್ದರು. ಹಾಗಾಗಿ ಇಲ್ಲಿ ಬರುವ ಮುಖ್ಯ ಸಭೆಗಳಲ್ಲಿ ನಾನೂ ಕೂತಿದ್ದೆ.

ಹಿನ್ನೆಲೆ

12–13 ವಯಸ್ಸಿನ ಮಕ್ಕಳ ತರಗತಿ, ಸುಮಾರು ನಲವತ್ತು ಮಕ್ಕಳು. ಶಾಲೆ ಮೊದಲ ಸಲ ಲೈಂಗಿಕ ಶಿಕ್ಷಣದ ಆರು ಪಾಠಗಳನ್ನು ಇಟ್ಟಿತು. ಮೊದಲನೆಯದು ಪ್ರಾಯಕ್ಕೆ ಬರುವಾಗ ದೇಹದಲ್ಲಿ ಆಗುವ ಬದಲಾವಣೆ. ಎರಡನೆಯದು ಮುಟ್ಟು ಮತ್ತು ಶುಚಿತ್ವ. ಮೂರನೆಯದು ದೇಹದ ಸುರಕ್ಷತೆ: ಯಾವ ಮುಟ್ಟುವಿಕೆ ಸರಿಯಲ್ಲ, ಯಾವ ಗುಟ್ಟನ್ನು ಗುಟ್ಟಾಗಿ ಇಟ್ಟುಕೊಳ್ಳಬಾರದು, ಯಾರಿಗೆ ಹೇಳಬೇಕು. ನಾಲ್ಕನೆಯದು ಮೊಬೈಲು, ಫೋಟೋ, ಅಪರಿಚಿತರ ಮೆಸೇಜು. ಐದನೆಯದು ಸ್ನೇಹ, ಪ್ರೀತಿ, ಒಪ್ಪಿಗೆ, ಒತ್ತಡ. ಕೊನೆಯದು ಗರ್ಭಧಾರಣೆ, ಗರ್ಭನಿರೋಧಕ, ಲೈಂಗಿಕವಾಗಿ ಹರಡುವ ಸೋಂಕು.

ಇದರಲ್ಲಿ ಆತುರದ್ದು ಏನೂ ಇರಲಿಲ್ಲ. ಹುಡುಗಿಯರಲ್ಲಿ ಪ್ರಾಯದ ಬದಲಾವಣೆ ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ, ಹುಡುಗರಲ್ಲಿ 9ರಿಂದ 14ರೊಳಗೆ ಶುರುವಾಗುತ್ತದೆ. ಆ ಲೆಕ್ಕದಲ್ಲಿ ಮೊದಲೆರಡು ಪಾಠ ತಡವಾಗಿಯೇ ಬಂದಿದ್ದವು. ಆದರೆ ಶಾಲೆ ಮನೆಗೆ ಕಳಿಸಿದ ಫಾರಂನಲ್ಲಿ ಈ ಪಟ್ಟಿಯೇ ಇರಲಿಲ್ಲ. ‘ಲೈಂಗಿಕ ಶಿಕ್ಷಣ ಕಾರ್ಯಕ್ರಮ ನಡೆಯಲಿದೆ. ನಿಮ್ಮ ಮಗುವಿಗೆ ಬೇಡವಾದರೆ ಕೆಳಗೆ ಸಹಿ ಮಾಡಿ’ ಅಂತ ಎರಡು ಸಾಲು, ಕೆಳಗೊಂದು ಗೆರೆ, ಅಷ್ಟೆ. ಪ್ರಿನ್ಸಿಪಾಲ್ ಮೇಡಂ ಅದನ್ನು ತಮ್ಮ ರಕ್ಷಣೆಗೆ ಇಟ್ಟುಕೊಂಡ ಕಾಗದ ಅಂದುಕೊಂಡಿದ್ದರು. ‘ನಾಳೆ ಯಾರೂ ಬಂದು ನಮಗೆ ಹೇಳಿರಲಿಲ್ಲ ಅನ್ನಬಾರದು’ ಎಂಬುದು ಅವರ ಮಾತು.

ಮೂರು ಮನೆಗಳಿಂದ ಸಹಿ ಬಂತು. ಒಬ್ಬ ಹುಡುಗನ ಅಪ್ಪ-ಅಮ್ಮ ಇದನ್ನೆಲ್ಲ ಮನೆಯಲ್ಲೇ ಹೇಳಿಕೊಟ್ಟಿದ್ದೇವೆ ಎಂದು ಬರೆದಿದ್ದರು. ಅದು ನಿಜವೂ ಆಗಿತ್ತು. ಇನ್ನೊಂದು ಫಾರಂನಲ್ಲಿ ಸಹಿ ಬಿಟ್ಟರೆ ಬೇರೆ ಒಂದಕ್ಷರ ಇರಲಿಲ್ಲ. ಮೂರನೆಯದು ಈ ಪ್ರಕರಣದ ಹುಡುಗಿಯದು. ಅವಳ ಅಪ್ಪ ಸಹಿಯ ಪಕ್ಕದಲ್ಲಿ ‘ಇದು ಮನೆಯ ವಿಷಯ’ ಎಂದು ಬರೆದಿದ್ದರು.

ಸಮಸ್ಯೆ ಶುರುವಾಗಿದ್ದು ಲೈಬ್ರರಿಯಲ್ಲಿ

ಪಾಠದ ದಿನ ಮೂವರನ್ನೂ ಎಬ್ಬಿಸಿ ಲೈಬ್ರರಿಗೆ ಕಳಿಸಿದರು. ಇಡೀ ತರಗತಿ ನೋಡುತ್ತಿತ್ತು. ಆ ವಯಸ್ಸಿನಲ್ಲಿ ಇಷ್ಟು ಸಾಕು. ಸಂಜೆಯೊಳಗೆ ಅವಳಿಗೆ ‘ಪಾಪು’ ಅಂತ ಅಡ್ಡಹೆಸರು ಬಿತ್ತು. ಪಾಠ ಕೇಳಿದವರು ಊಟದ ಬಿಡುವಿನಲ್ಲಿ ತಮಗೆ ಅರ್ಥವಾದಷ್ಟನ್ನು ಅವಳಿಗೆ ಹೇಳಿದರು. ಅರ್ಥವಾಗದ್ದನ್ನೂ ಹೇಳಿದರು. ಒಂದೆರಡು ವಾರ ಕಳೆಯುವಷ್ಟರಲ್ಲಿ ಅವಳು ಲೈಬ್ರರಿಯವರ ಹತ್ತಿರ ಹೋಗಿ, ಬೇರೆಯವರ ಟವೆಲ್ ಬಳಸಿದರೆ ಮಗು ಆಗುತ್ತಾ ಅಂತ ಕೇಳಿದಳು. ಅವರಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಕೌನ್ಸೆಲರ್‌ಗೆ ವಿಷಯ ಮುಟ್ಟಿಸಿದರು.

ಅದೇ ವಾರ ಅಪ್ಪ ಶಾಲೆಗೆ ಬಂದರು. ಮಗಳು ಅಮ್ಮನ ಮೊಬೈಲಿನಲ್ಲಿ ಏನೇನೋ ಹುಡುಕಿದ್ದು ಅವರ ಕಣ್ಣಿಗೆ ಬಿದ್ದಿತ್ತು. ಹುಡುಕಿದ್ದಕ್ಕಿಂತ, ಹುಡುಕಿದಾಗ ಸಿಕ್ಕಿದ್ದು ಅವರನ್ನು ಹೆಚ್ಚು ಕಂಗೆಡಿಸಿತ್ತು. ‘ನೋಡಿ ಮೇಡಂ, ನಿಮ್ಮ ಪಾಠದಿಂದ ಹೀಗಾಯ್ತು’ ಎಂದರು. ‘ಅವಳು ಪಾಠಕ್ಕೆ ಕೂರಲಿಲ್ಲ ಸರ್, ಅದಕ್ಕೇ ಹೀಗಾಯ್ತು’ ಎಂದರು ಪ್ರಿನ್ಸಿಪಾಲ್.

ಈ ಪ್ರಕರಣದಲ್ಲಿ ನನಗೆ ಬಹಳ ಮುಖ್ಯ ಅನಿಸಿದ ಜಾಗ ಇದು. ಘಟನೆ ಒಂದೇ. ಇಬ್ಬರೂ ಅದನ್ನೇ ತಮ್ಮ ಕಡೆಯ ಸಾಕ್ಷಿ ಮಾಡಿಕೊಂಡರು, ಮತ್ತು ಇಬ್ಬರ ಮಾತಿನಲ್ಲೂ ಹುರುಳಿತ್ತು. ಶಾಲೆ ಆ ವಿಷಯ ಎತ್ತದೇ ಇದ್ದಿದ್ದರೆ ಆ ವಾರ ಅವಳು ಅದನ್ನು ಹುಡುಕುತ್ತಿರಲಿಲ್ಲವೇನೋ. ಹಾಗೆಯೇ, ತರಗತಿಯಲ್ಲಿ ಕೂತು ಕೇಳಿದ್ದರೆ ಮೊಬೈಲನ್ನು ಕೇಳಬೇಕಾಗಿರಲಿಲ್ಲ. ತರಗತಿಯಿಂದ ಒಂದು ಮಗುವನ್ನು ಹೊರಗೆ ಕಳಿಸಬಹುದು. ತರಗತಿಯ ಮಾತನ್ನು ಆ ಮಗುವಿನ ಕಿವಿಗೆ ಬೀಳದಂತೆ ತಡೆಯೋಕೆ ಆಗಲ್ಲ. ವಿನಾಯಿತಿ ಕೊಡುವ ಯಾವ ಶಾಲೆಯೂ ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಏನೇನು ಪ್ರಯತ್ನಿಸಿದರು

ಮೊದಲು ಪ್ರಿನ್ಸಿಪಾಲ್ ವರದಿಗಳನ್ನು ಹಿಡಿದುಕೊಂಡು ವಾದಕ್ಕೆ ಇಳಿದರು. ಯುನೆಸ್ಕೋ 2018ರಲ್ಲಿ ಪರಿಷ್ಕರಿಸಿ ಹೊರತಂದ ಮಾರ್ಗದರ್ಶಿಯಲ್ಲಿ, ಇಂಥ ಪಾಠದಿಂದ ಮಕ್ಕಳ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ ಎಂದು ಅಧ್ಯಯನಗಳ ಆಧಾರದ ಮೇಲೆ ಹೇಳಿದೆ. ಆ ಪುಟವನ್ನು ತೋರಿಸಿದರು. ಅಪ್ಪ ಓದಿದರು, ತಳ್ಳಿಹಾಕಲೂ ಇಲ್ಲ. ‘ಇರಬಹುದು ಮೇಡಂ. ನಾನು ಕೇಳ್ತಿರೋದು ಅದಲ್ಲ. ನನ್ನ ಮಗಳಿಗೆ ಇದನ್ನ ಯಾರು ಹೇಳಬೇಕು ಅನ್ನೋದು’ ಎಂದರು. ಪಾಠದಿಂದ ಹಾನಿ ಇದೆಯಾ ಎಂಬುದಕ್ಕೆ ವರದಿಯಲ್ಲಿ ಉತ್ತರ ಇತ್ತು. ಹಕ್ಕು ಯಾರದು ಎಂಬುದಕ್ಕೆ ಇರಲಿಲ್ಲ. ಆ ದಿನದ ಮಾತು ಅಲ್ಲಿಗೇ ನಿಂತಿತು.

ಆಮೇಲೆ ಸ್ಟಾಫ್‌ರೂಮಿನಲ್ಲಿ ಚರ್ಚೆಯಾಯಿತು. ಜೀವಶಾಸ್ತ್ರ ಹೇಳುವ ಮೇಷ್ಟ್ರು ವಿನಾಯಿತಿಯನ್ನೇ ತೆಗೆದುಬಿಡಿ ಎಂದರು. ಅವರ ಮಾತಿಗೆ ಆಧಾರ ಇಲ್ಲದೆ ಇರಲಿಲ್ಲ. ಸ್ವೀಡನ್ 1955ರಲ್ಲೇ ಲೈಂಗಿಕ ಶಿಕ್ಷಣವನ್ನು ಕಡ್ಡಾಯ ಮಾಡಿತ್ತು. ವೇಲ್ಸ್‌ನಲ್ಲಿ 2022ರಿಂದ ಬಂದ ಹೊಸ ಪಠ್ಯಕ್ರಮದಲ್ಲಿ ಮಕ್ಕಳನ್ನು ಬಿಡಿಸಿಕೊಳ್ಳುವ ಹಕ್ಕು ಪೋಷಕರಿಗೆ ಇಲ್ಲ. ಜರ್ಮನಿಯಲ್ಲಿ ಮಕ್ಕಳನ್ನು ಇಂಥ ಪಾಠಕ್ಕೆ ಕಳಿಸದ ಕೆಲವು ಪೋಷಕರಿಗೆ ದಂಡ ಬಿದ್ದಿತ್ತು. ಅವರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರೆ, 2011ರಲ್ಲಿ ಅದು ಅವರ ದೂರನ್ನು ಒಪ್ಪಲಿಲ್ಲ.

ಕೌನ್ಸೆಲರ್ ಇದಕ್ಕೆ ಬೇರೆ ದೇಶದ ಉದಾಹರಣೆ ಹುಡುಕಲು ಹೋಗಲಿಲ್ಲ. ‘ಕಡ್ಡಾಯ ಮಾಡಿದರೆ ಆ ದಿನ ಮಗುವಿಗೆ ಜ್ವರ ಬರುತ್ತೆ, ಅಷ್ಟೇ’ ಎಂದರು. ಕಾನೂನಿನ ಬಲ ಇಲ್ಲದ ಒಂದು ಶಾಲೆ ಕಡ್ಡಾಯ ಎಂದರೆ ಮಗು ಮನೆಯಲ್ಲಿ ಉಳಿಯುತ್ತದೆ. ಶಾಲೆಗೂ ಮನೆಗೂ ಇರುವ ಮಾತುಕತೆಯೂ ನಿಲ್ಲುತ್ತದೆ. ಆಡಳಿತ ಮಂಡಳಿಯ ಒಬ್ಬರು ಕಾರ್ಯಕ್ರಮವನ್ನೇ ಕೈಬಿಡಿ ಎಂದರು. ಮೂವರ ಸಹಿಗೆ ಉಳಿದವರ ಪಾಠ ನಿಲ್ಲಿಸೋದಾ ಅಂತ ಯಾರೋ ಕೇಳಿದರು. ಆ ಸಲಹೆ ಮತ್ತೆ ಮೇಲೆ ಬರಲಿಲ್ಲ.

ಕೊನೆಗೆ ಮಾಡಿದ್ದು ಬಹಳ ಸಾಮಾನ್ಯ ಕೆಲಸ. ಆರೂ ಪಾಠಗಳ ಸ್ಲೈಡು, ಚಿತ್ರ, ಚಟುವಟಿಕೆ ಹಾಳೆ ಎಲ್ಲವನ್ನೂ ಪ್ರಿಂಟ್ ತೆಗೆಸಿ ಮೇಜಿನ ಮೇಲಿಟ್ಟರು. ಸಹಿ ಮಾಡಿದ ಮೂರೂ ಮನೆಯವರನ್ನು ಬೇರೆಬೇರೆ ಹೊತ್ತಿಗೆ ಕರೆದರು. ಭಾಷಣ ಬೇಡ, ಓದಲು ಬಿಡಿ ಅನ್ನುವುದು ಕೌನ್ಸೆಲರ್ ಹಾಕಿದ ಒಂದೇ ಷರತ್ತು.

ತಿರುವು: ಅಮ್ಮ ಮಾಡಿದ ಎರಡು ಕಟ್ಟು

ಹುಡುಗಿಯ ಅಪ್ಪ-ಅಮ್ಮ ಇಬ್ಬರೂ ಬಂದರು. ಅಪ್ಪ ಬೇಗಬೇಗ ಹಾಳೆ ತಿರುವಿದರು. ಏನೋ ವಿಡಿಯೋ ತೋರಿಸುತ್ತಾರೆ ಅಂತ ಅವರು ಅಂದುಕೊಂಡಿದ್ದರು. ಇದ್ದಿದ್ದು ಪಾಠಪುಸ್ತಕದಲ್ಲಿ ಬರುವಂಥ ರೇಖಾಚಿತ್ರ. ಅವರು ಸುಮ್ಮನಾದರು, ಆದರೆ ಸಮಾಧಾನವಾದ ಹಾಗೆ ಕಾಣಲಿಲ್ಲ.

ಅದುವರೆಗೆ ಒಂದು ಮಾತೂ ಆಡದ ಅಮ್ಮ ಹಾಳೆಗಳನ್ನು ಓದುತ್ತಾ ಎರಡು ಕಟ್ಟು ಮಾಡತೊಡಗಿದರು. ಮೊದಲ ನಾಲ್ಕು ಪಾಠ ಒಂದು ಕಡೆ. ಆರನೆಯದು ಇನ್ನೊಂದು ಕಡೆ. ಐದನೆಯ ಪಾಠದ ಒಂದು ಹಾಳೆಯನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡರು. ಅದರ ಮೇಲೆ ‘ಪ್ರೀತಿ, ಮದುವೆ ಬಗ್ಗೆ ಮನೆಯವರ ಹಳೇ ನಂಬಿಕೆಗಳು’ ಅಂತ ಶೀರ್ಷಿಕೆ ಇತ್ತು. ‘ಇದು ಮಾಹಿತಿನಾ ಮೇಡಂ? ಇದು ನಮ್ಮನ್ನ ಆಡಿಕೊಳ್ಳೋದಲ್ವಾ?’ ಎಂದರು.

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ, ಯಾಕೆಂದರೆ ಅವರು ಹೇಳಿದ್ದು ಸರಿ ಇತ್ತು. ಒಪ್ಪಿಗೆ ಎಂದರೇನು, ಒತ್ತಡ ಬಂದರೆ ಹೇಗೆ ಬೇಡ ಅನ್ನಬೇಕು ಎಂದು ಕಲಿಸುವುದು ಶಾಲೆಯ ಕೆಲಸ. ಅಪ್ಪ-ಅಮ್ಮನ ನಂಬಿಕೆ ಹಳೆಯದು ಎಂದು ತೀರ್ಪು ಕೊಡುವುದು ಶಾಲೆಯ ಕೆಲಸವಲ್ಲ. ಈ ಗೆರೆಯನ್ನು 1976ರಲ್ಲೇ ಯುರೋಪಿನ ಅದೇ ನ್ಯಾಯಾಲಯ ಎಳೆದಿತ್ತು. ಡೆನ್ಮಾರ್ಕಿನ ಮೂರು ದಂಪತಿಗಳು ಕಡ್ಡಾಯ ಲೈಂಗಿಕ ಶಿಕ್ಷಣದ ವಿರುದ್ಧ ದೂರು ತಂದಿದ್ದರು. ನ್ಯಾಯಾಲಯ ಅವರ ಪರ ತೀರ್ಪು ಕೊಡಲಿಲ್ಲ. ಆದರೆ ಪಾಠ ವಸ್ತುನಿಷ್ಠವಾಗಿರಬೇಕು, ಬೇರೆಬೇರೆ ಅಭಿಪ್ರಾಯಗಳಿಗೆ ಜಾಗ ಕೊಡಬೇಕು, ಪೋಷಕರ ನಂಬಿಕೆಯನ್ನು ಗೌರವಿಸದೆ ಮಕ್ಕಳ ತಲೆಗೆ ಒಂದು ನಿಲುವನ್ನು ತುಂಬಬಾರದು ಎಂದಿತು. ಕಡ್ಡಾಯ ಬೇಕು ಎನ್ನುವವರು ಆ ತೀರ್ಪಿನ ಮೊದಲರ್ಧವನ್ನು ಮಾತ್ರ ಹೇಳುವುದನ್ನು ನಾನು ಬೇಕಾದಷ್ಟು ಸಲ ಕೇಳಿದ್ದೇನೆ.

ಶಾಲೆ ಆ ಹಾಳೆಯನ್ನು ಅಲ್ಲೇ ತೆಗೆಯಿತು. ಈ ಸಣ್ಣ ಕೆಲಸದಿಂದ ಮಾತಿನ ಧಾಟಿಯೇ ಬದಲಾಯಿತು. ಅಮ್ಮನ ಉಳಿದ ಆಕ್ಷೇಪ ಎರಡೇ. ಮುಟ್ಟಿನ ಪಾಠವನ್ನು ಹುಡುಗರ ಜೊತೆ ಕೂರಿಸಿ ಮೇಷ್ಟ್ರು ಹೇಳುವುದು ಬೇಡ. ಗರ್ಭನಿರೋಧಕದ ಪಾಠ ಈ ವಯಸ್ಸಿಗೆ ಬೇಡ, ಅದನ್ನು ಮನೆಯಲ್ಲಿ ನಮ್ಮ ರೀತಿಯಲ್ಲಿ ಹೇಳುತ್ತೇವೆ. ಅಂದರೆ, ಆರು ಪಾಠ ಬೇಡ ಎಂದು ಸಹಿ ಹಾಕಿದ್ದ ಮನೆಗೆ ನಿಜವಾಗಿ ಬೇಡವಾಗಿದ್ದು ಒಂದು ಪಾಠ, ಒಂದು ಹಾಳೆ ಮತ್ತು ಕಲಿಸುವ ಒಂದು ವಿಧಾನ.

ಅಪ್ಪ ಮಾತ್ರ ಕೊನೆಯವರೆಗೂ ತಮ್ಮ ಮಾತು ಬಿಡಲಿಲ್ಲ. ಆ ವರ್ಷದ ಸುದ್ದಿಯೊಂದನ್ನು ಅವರು ಎತ್ತಿದರು. 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೇರಿಲ್ಯಾಂಡ್‌ನ ಕೆಲವು ಪೋಷಕರ ಪರ ನಿಂತಿತ್ತು. ಸಲಿಂಗ ಪ್ರೇಮ, ಲಿಂಗ ಗುರುತು ಇರುವ ಕಥೆಪುಸ್ತಕಗಳನ್ನು ತರಗತಿಯಲ್ಲಿ ಓದುವಾಗ, ಪ್ರಕರಣ ಮುಗಿಯುವವರೆಗೆ ತಮ್ಮ ಮಕ್ಕಳನ್ನು ಹೊರಗಿಡಲು ಅವರಿಗೆ ಅವಕಾಶ ಸಿಗಬೇಕು ಎಂದಿತ್ತು. ‘ಅಲ್ಲಿ ಕೋರ್ಟೇ ಹೇಳಿದೆ’ ಎಂದರು ಅಪ್ಪ. ಕೌನ್ಸೆಲರ್ ಜಗಳಕ್ಕೆ ಹೋಗಲಿಲ್ಲ. ಆ ಪ್ರಕರಣ ಧಾರ್ಮಿಕ ನಂಬಿಕೆಗೆ ಸಂಬಂಧಿಸಿದ್ದು, ಅಪರಿಚಿತರಿಗೆ ಫೋಟೋ ಕಳಿಸಬೇಡ ಅನ್ನುವ ಪಾಠದ ಬಗ್ಗೆ ಅಲ್ಲ ಎಂದಷ್ಟೇ ಹೇಳಿದರು.

ಹುಡುಗಿಯನ್ನು ಕೇಳಿದಾಗ

ಅಷ್ಟು ಹೊತ್ತಿಗೆ ದೊಡ್ಡವರೆಲ್ಲ ಮಾತಾಡಿ ಆಗಿತ್ತು. ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯಕ್ಕೆ ವಯಸ್ಸಿಗೆ ತಕ್ಕ ತೂಕ ಕೊಡಬೇಕು ಎನ್ನುತ್ತದೆ. ಅದೇ ಒಡಂಬಡಿಕೆಯ 5ನೇ ವಿಧಿ ಮಗುವಿಗೆ ದಾರಿ ತೋರಿಸುವ ಪೋಷಕರ ಹಕ್ಕನ್ನೂ ಗೌರವಿಸುತ್ತದೆ. ಕೌನ್ಸೆಲರ್ ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು, ‘ಅವಳನ್ನು ಒಂಟಿಯಾಗಿ ಮಾತಾಡಿಸುತ್ತೇನೆ, ಅವಳು ಹೇಳಬಹುದು ಎಂದಿದ್ದನ್ನು ಮಾತ್ರ ನಿಮಗೆ ಹೇಳುತ್ತೇನೆ’ ಎಂದು ಅಪ್ಪ-ಅಮ್ಮನಿಗೆ ಮೊದಲೇ ತಿಳಿಸಿದರು. ಅಪ್ಪ ಒಲ್ಲದ ಮನಸ್ಸಿನಿಂದ ಒಪ್ಪಿದರು. ಇದನ್ನು ಅವರಿಗೆ ಹೇಳದೆ ಮಾಡಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ ಅನ್ನುವುದು ನನ್ನ ಅಂದಾಜು.

ಅವಳ ಉತ್ತರ ಶಾಲೆಯ ಕಡೆಯವರು ಬಯಸಿದ ಹಾಗೂ ಇರಲಿಲ್ಲ, ಅಪ್ಪ ಬಯಸಿದ ಹಾಗೂ ಇರಲಿಲ್ಲ. ‘ಹುಡುಗರ ಮುಂದೆ ಪೀರಿಯಡ್ಸ್ ಪಾಠ ನನಗೂ ಬೇಡ ಮಿಸ್. ಫೋನಿನ ಪಾಠ ಬೇಕು. ಸೇಫ್ಟಿದು ಬೇಕು. ಲಾಸ್ಟ್‌ದು ಇದ್ರೂ ಸರಿ, ಇಲ್ದೇ ಇದ್ರೂ ಸರಿ. ಎಲ್ಲರ ಮುಂದೆ ಎದ್ದು ಹೋಗು ಅಂತ ಮಾತ್ರ ಹೇಳ್ಬೇಡಿ.’

ತೀರ್ಮಾನ

ಇಂಗ್ಲೆಂಡಿನ ನಿಯಮ ಇಲ್ಲಿ ಶಾಲೆಗೆ ಒಂದು ಮಾದರಿಯಾಯಿತು. ಅಲ್ಲಿ 2020ರ ಸೆಪ್ಟೆಂಬರ್‌ನಿಂದ ಬಂದಿರುವ ನಿಯಮದ ಪ್ರಕಾರ, ಸಂಬಂಧಗಳ ಪಾಠದಿಂದಾಗಲಿ ವಿಜ್ಞಾನದ ಪಾಠದಿಂದಾಗಲಿ ಮಗುವನ್ನು ಬಿಡಿಸಿಕೊಳ್ಳಲು ಬರುವುದಿಲ್ಲ. ಲೈಂಗಿಕ ಶಿಕ್ಷಣದ ಭಾಗಕ್ಕೆ ಮಾತ್ರ ಪೋಷಕರು ವಿನಾಯಿತಿ ಕೇಳಬಹುದು. ಮಗುವಿಗೆ 16 ತುಂಬಲು ಮೂರು ಟರ್ಮ್, ಅಂದರೆ ಸುಮಾರು ಒಂದು ಶಾಲಾ ವರ್ಷ, ಉಳಿದ ಮೇಲೆ, ಮಗುವೇ ನನಗೆ ಬೇಕು ಎಂದರೆ ಶಾಲೆ ಆ ಪಾಠಕ್ಕೆ ವ್ಯವಸ್ಥೆ ಮಾಡಬೇಕು.

ಶಾಲೆ ಇದೇ ದಾರಿ ಹಿಡಿಯಿತು. ಮೊದಲ ನಾಲ್ಕು ಪಾಠಕ್ಕೆ ವಿನಾಯಿತಿ ಇಲ್ಲ. ಮುಟ್ಟಿನ ಪಾಠವನ್ನು ಎಲ್ಲರಿಗೂ ಹೇಳಬೇಕು, ಹುಡುಗರಿಗೂ. ಆದರೆ ಹುಡುಗಿಯರಿಗೆ ಬೇರೆ ಕೂರಿಸಿ, ಟೀಚರ್ ಒಬ್ಬರು ಹೇಳಬೇಕು. ಐದನೆಯದು ತಿದ್ದಿದ ಮೇಲೆ ಎಲ್ಲರಿಗೂ. ಆರನೆಯದಕ್ಕೆ ವಿನಾಯಿತಿ ಇದೆ, ಆದರೆ ಪಾಠವನ್ನು ಓದಿ, ಕೌನ್ಸೆಲರ್ ಜೊತೆ ಸ್ವಲ್ಪ ಹೊತ್ತು ಮಾತಾಡಿದ ಮೇಲೆ. ಆ ದಿನ ಇಡೀ ತರಗತಿಯನ್ನು ಗುಂಪುಗಳಾಗಿ ಒಡೆದು ಬೇರೆಬೇರೆ ಕೋಣೆಯಲ್ಲಿ ಬೇರೆಬೇರೆ ಕೆಲಸ ಕೊಡುತ್ತಾರೆ. ಯಾರೂ ಎದ್ದು ಹೋಗುವುದಿಲ್ಲ, ಯಾಕೆಂದರೆ ಎಲ್ಲರೂ ಎದ್ದು ಹೋಗುತ್ತಾರೆ.

ಹೆಚ್ಚು ವಾದ ಆಗಿದ್ದು ಮೂರನೇ ಪಾಠದ ಬಗ್ಗೆ. ಕಾರಣ ಬರೆಯದೆ ಸಹಿ ಹಾಕಿದ್ದ ಆ ಇನ್ನೊಂದು ಮನೆ ನೆನಪಿದೆಯಲ್ಲ? ಅವರು ಹಾಳೆ ನೋಡಲೂ ಬರಲಿಲ್ಲ. ‘ಅವರಿಗೆ ಅವರದೇ ಕಾರಣ ಇರುತ್ತೆ, ಅನುಮಾನ ಪಡೋದು ತಪ್ಪು’ ಎಂದರು ಪ್ರಿನ್ಸಿಪಾಲ್. ಅನುಮಾನ ಪಡುವುದು ತಪ್ಪು, ನಿಜ. ಆದರೆ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡುವವರಲ್ಲಿ ಹೆಚ್ಚಿನವರು ಮಗುವಿಗೆ ಪರಿಚಯ ಇರುವವರು, ಕೆಲವು ಸಲ ಮನೆಯವರೇ. ಅಂಥ ಮನೆಯಲ್ಲಿ ‘ಈ ಗುಟ್ಟನ್ನು ಹೇಳಿಬಿಡು’ ಎಂದು ಕಲಿಸುವ ಪಾಠ ಬೇಡ ಅನ್ನುವವರು ಯಾರು? ಯಾವ ಮನೆ ಅಂಥದ್ದು ಎಂದು ಶಾಲೆಗೆ ಗೊತ್ತಾಗುವುದಿಲ್ಲ. ಗೊತ್ತಾಗದೆ ಇರುವುದರಿಂದಲೇ ಈ ಪಾಠಕ್ಕೆ ಯಾರಿಗೂ ವಿನಾಯಿತಿ ಇರಬಾರದು ಎಂದು ಕೌನ್ಸೆಲರ್ ಪಟ್ಟು ಹಿಡಿದರು. ನಾನೂ ಅವರ ಕಡೆಗೇ ನಿಂತೆ. ಪೋಷಕರ ಹಕ್ಕಿನ ಪರ ನಾನು ಎಷ್ಟೇ ಮಾತಾಡಿದರೂ, ಅದು ಈ ಪಾಠದ ಬಾಗಿಲಲ್ಲಿ ನಿಲ್ಲಬೇಕು.

ದಾರಿಯೂ ಸರಳವಾಗಿಯೇ ಸಿಕ್ಕಿತು. ಮೂರನೇ ಪಾಠವನ್ನು ಈ ಕಾರ್ಯಕ್ರಮದಿಂದ ಎತ್ತಿ, ಬೆಂಕಿ, ರಸ್ತೆ, ನೀರಿನ ಸುರಕ್ಷತೆ ಹೇಳಿಕೊಡುವ ತರಗತಿಗಳ ಜೊತೆ ಸೇರಿಸಿದರು. ಅಲ್ಲಿ ಯಾರ ಸಹಿಯನ್ನೂ ಕೇಳುವ ಪದ್ಧತಿ ಇರಲಿಲ್ಲ. ಆ ಮಗುವೂ ಕೂತು ಕೇಳಿತು. ಆಮೇಲೆ ಏನೂ ಹೊರಬರಲಿಲ್ಲ. ಬರಬೇಕು ಅಂತಲೂ ಇಲ್ಲ.

ಆಮೇಲೆ

ಹುಡುಗಿ ಐದು ಪಾಠಕ್ಕೆ ಕೂತಳು. ಆರನೆಯದಕ್ಕೆ ಮನೆಯವರು ವಿನಾಯಿತಿ ಪಡೆದರು. ಅಮ್ಮ ಆ ಪಾಠದ ಹಾಳೆಗಳನ್ನು ಕೇಳಿ ಮನೆಗೆ ತೆಗೆದುಕೊಂಡು ಹೋದರು. ಕೆಲವು ವಾರಗಳ ನಂತರ ಕೌನ್ಸೆಲರ್ ಹುಡುಗಿಯನ್ನು ವಿಚಾರಿಸಿದಾಗ, ‘ಅಮ್ಮ ಕೊಟ್ರು, ಓದಿದೆ. ಮಾತಾಡ್ಲಿಲ್ಲ’ ಎಂದಳಂತೆ. ಮನೆಯಲ್ಲಿ ನಾವೇ ಹೇಳುತ್ತೇವೆ ಅನ್ನುವ ಮಾತು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದಕ್ಕೆ ಇದೊಂದು ನಮೂನೆ. ಪೂರ್ತಿ ಸೋಲು ಅಲ್ಲ. ಪ್ರಶ್ನೆ ಕೇಳಲು ಅಲ್ಲಿ ಯಾರೂ ಇರಲಿಲ್ಲ ಅನ್ನುವುದು ಮಾತ್ರ ನಿಜ. ಅಡ್ಡಹೆಸರು ನಿಧಾನವಾಗಿ ಮರೆಯಾಯಿತು. ಅಪ್ಪ ಇವತ್ತಿಗೂ ಇದೆಲ್ಲ ಶಾಲೆಯ ಕೆಲಸ ಅಲ್ಲ ಅಂತಲೇ ಹೇಳುತ್ತಾರೆ.

ಮುಂದಿನ ವರ್ಷ ನಡೆದದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಹೊಸ ಪದ್ಧತಿಯಲ್ಲಿ ಆರನೇ ಪಾಠಕ್ಕೆ ವಿನಾಯಿತಿ ಕೇಳಿದವರು ಹಿಂದಿನ ಮೂರಕ್ಕಿಂತ ಜಾಸ್ತಿಯಾದರು. ಪ್ರಿನ್ಸಿಪಾಲ್‌ಗೆ ಬೇಜಾರಾಯಿತು, ಇಷ್ಟೆಲ್ಲ ಮಾಡಿ ಹೀಗಾಯ್ತಲ್ಲ ಅಂತ. ನನಗೆ ಹಾಗನಿಸಲಿಲ್ಲ. ಹಿಂದಿನ ವರ್ಷ ಒಪ್ಪಿಗೆ ಕೊಟ್ಟ ಹಲವರು ಏನಿದೆ ಎಂದು ಓದಿಯೇ ಇರಲಿಲ್ಲ. ಈಗ ಓದಿ ಬೇಡ ಎಂದರು. ಉಳಿದ ಪಾಠಗಳ ಬಗ್ಗೆ ಯಾರೂ ತಕರಾರು ಮಾಡಲಿಲ್ಲ. ಆದರೂ ಒಂದು ಚಿಂತೆ ಉಳಿದಿದೆ. ಸೋಂಕು, ಗರ್ಭ ಇವೆರಡರ ವಿಷಯ ಇರುವುದು ಅದೇ ಆರನೇ ಪಾಠದಲ್ಲಿ. ಆ ಮಕ್ಕಳು ಅದನ್ನು ಎಲ್ಲಿ ಕಲಿಯುತ್ತಾರೆ? ದೊಡ್ಡ ತರಗತಿಗೆ ಬಂದ ಮೇಲೆ ಮತ್ತೊಮ್ಮೆ ಈ ಪಾಠ ಇಟ್ಟು, ಆಗ ಬೇಕೋ ಬೇಡವೋ ಎಂದು ಮಕ್ಕಳನ್ನೇ ಕೇಳೋಣ ಅನ್ನುವುದು ಈಗ ಶಾಲೆಯ ಮುಂದಿರುವ ಪ್ರಸ್ತಾಪ. ಪೋಷಕರ ಸಭೆಯಲ್ಲಿ ಅದಿನ್ನೂ ಪಾಸಾಗಿಲ್ಲ.

ಇದೇ ರೀತಿಯ ಫಾರಂ ಬರೆಯುತ್ತಿರುವ ಬೇರೆ ಶಾಲೆಯವರಿಗೆ ಇನ್ನೊಂದು ವಿಷಯ. ಎರಡನೇ ವರ್ಷ ಒಂದು ಮನೆಯಲ್ಲಿ ಅಮ್ಮನಿಗೆ ಆರನೇ ಪಾಠ ಬೇಕಿತ್ತು, ಅಪ್ಪನಿಗೆ ಬೇಡವಾಗಿತ್ತು. ಫಾರಂನಲ್ಲಿ ಇದ್ದದ್ದು ಒಂದೇ ಸಹಿಯ ಜಾಗ. ಯಾರು ಮೊದಲು ಪೆನ್ನು ಹಿಡಿದರೋ ಅವರ ಮಾತು ನಡೆಯಿತು. ಈಗ ವಿನಾಯಿತಿಗೆ ಇಬ್ಬರ ಸಹಿ ಬೇಕು. ಒಬ್ಬರೇ ಮಗುವನ್ನು ಸಾಕುತ್ತಿದ್ದರೆ ಅವರೊಬ್ಬರ ಸಹಿ ಸಾಕು. ಇಬ್ಬರಿಗೂ ಒಮ್ಮತ ಇಲ್ಲದಿದ್ದರೆ ಮಗು ತರಗತಿಯಲ್ಲೇ ಇರುತ್ತದೆ.